ವರ್ಸೇಲ್ಸ್ ಕಾರಂಜಿಗೆ ನೀರು ಎಲ್ಲಿಂದ ಹತ್ತಿತು? ಯುರೋಪಿನ ತೋಟಗಳ ನೀರಿನ ಕಥೆ ಮಾತಾಡೋಣ ಬನ್ನಿ

ಕೆರೆ ಏರಿ

ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಮಗಳ ಮನೆಗೆ ಹೋದಾಗ ಒಂದು ದಿನ ಪೂರ್ತಿ ವರ್ಸೇಲ್ಸ್ ಅರಮನೆಯ ತೋಟದಲ್ಲಿ ಕಳೆದೆ. ಲೇಟೋನಾ ಕಾರಂಜಿಯ ಪಕ್ಕ ನಿಂತಿದ್ದೆ. ಕಪ್ಪೆಗಳ ಬಾಯಿಂದ, ಆಮೆಗಳ ಬಾಯಿಂದ ನೀರು ಚಿಮ್ಮುತ್ತಿತ್ತು. ಜನ ಫೋಟೋ ತೆಗೆಯುತ್ತಿದ್ದರು. ನಾನು ನೀರಾವರಿ ಕೆಲಸದಲ್ಲಿ 30 ವರ್ಷ ಕಳೆದವನು. ನನ್ನ ತಲೆಗೆ ಬಂದದ್ದು ಒಂದೇ ಪ್ರಶ್ನೆ. ಇದು ದಿಬ್ಬ. ಹತ್ತಿರದಲ್ಲಿ ಹೇಳಿಕೊಳ್ಳುವಂಥ ನದಿ ಇಲ್ಲ. ಸೇನ್ ನದಿ ಇರುವುದು ದೂರದಲ್ಲಿ, ಅದೂ ಎಷ್ಟೋ ಕೆಳಗೆ. ಕರೆಂಟ್ ಇಲ್ಲದ ಕಾಲದಲ್ಲಿ ಈ ನೀರು ಇಲ್ಲಿಗೆ ಹತ್ತಿದ್ದು ಹೇಗೆ?

ಬಂದ ಮೇಲೆ ಓದುತ್ತಾ ಕೂತೆ. ಓದಿದಷ್ಟೂ ಬೆರಗು.

ಮೊದಲು ಅಲ್ಲಿ ಇದ್ದದ್ದು 13ನೇ ಲೂಯಿ 1623ರಲ್ಲಿ ಕಟ್ಟಿಸಿದ ಬೇಟೆ ಮನೆ. ಬೇಟೆಗೆ ಬಂದು ಹೋಗಲು ಎಷ್ಟು ನೀರು ಬೇಕು ಹೇಳಿ? ಮಗ 14ನೇ ಲೂಯಿಗೆ ಅದೇ ಜಾಗದಲ್ಲಿ ಅರಮನೆ ಬೇಕಾಯಿತು, ತೋಟ ಬೇಕಾಯಿತು, ತೋಟದ ತುಂಬ ಕಾರಂಜಿ ಬೇಕಾಯಿತು. ಪಕ್ಕದ ಕ್ಲಾಗ್ನಿ ಅನ್ನೋ ಕೆರೆಯಿಂದ ಕುದುರೆ ಕಟ್ಟಿ ಪಂಪ್ ಹೊಡೆಸಿದರು. ಸಾಕಾಗಲಿಲ್ಲ. ಗಾಳಿಯಂತ್ರ ನಿಲ್ಲಿಸಿದರು. ಬಿಯೆವ್ರ್ ಅನ್ನೋ ಸಣ್ಣ ಹೊಳೆಯಿಂದ ಎತ್ತಿದರು. ಅದೂ ಸಾಕಾಗಲಿಲ್ಲ.

1674ರಲ್ಲಿ ಪಿಯೆರ್ ಪಾಲ್ ರಿಕೆ ಒಂದು ಯೋಜನೆ ತಂದ. ದಕ್ಷಿಣ ಫ್ರಾನ್ಸಿನಲ್ಲಿ ದೊಡ್ಡ ಹಡಗು ಕಾಲುವೆ ತೋಡಿಸುತ್ತಿದ್ದ ಮನುಷ್ಯ ಅವನು. ಲೂವಾರ್ ನದಿಯನ್ನೇ ವರ್ಸೇಲ್ಸಿಗೆ ಹರಿಸಿಕೊಂಡು ಬರ್ತೀನಿ ಅಂದ. ಖಗೋಳ ವಿಜ್ಞಾನಿ ಪಿಕಾರ್ ದುರ್ಬೀನು ಕೂರಿಸಿದ ಲೆವೆಲ್, ಅಂದರೆ ನೆಲದ ಏರುತಗ್ಗು ಅಳೆಯುವ ಉಪಕರಣ ಹಿಡಿದು ಅಳತೆಗೆ ಹೊರಟರು. ಮಟ್ಟ ತೆಗೆದು ನೋಡಿದರೆ ಲೂವಾರ್ ನೀರು ತಾನಾಗಿ ಹರಿದು ಬರುವಷ್ಟು ಎತ್ತರದಲ್ಲಿ ಇರಲೇ ಇಲ್ಲ. ಅಲ್ಲಿಗೆ ಆ ಮಾತು ಮುಗಿಯಿತು. ನಾವು ಡಂಪಿ ಲೆವೆಲ್ ಇಟ್ಟು ಸ್ಟಾಫ್ (ಅಳತೆ ಕೋಲು) ಓದುತ್ತಿದ್ದೆವಲ್ಲ, ಆ ಕೆಲಸದ ಹಿರಿಯಜ್ಜ ಅವರು. ಒಂದು ರಾಜ್ಯದ ಬೊಕ್ಕಸವನ್ನೇ ಆ ಅಳತೆ ಉಳಿಸಿತು.

ಪಿಕಾರ್ ಅಳತೆಯಿಂದ ಇನ್ನೊಂದು ಉಪಕಾರವೂ ಆಯಿತು. ಟ್ರಾಪ್ ಮತ್ತು ಸಾಕ್ಲೆ ಕಡೆಯ ಬಯಲು ಅರಮನೆಗಿಂತ ಎತ್ತರದಲ್ಲಿದೆ ಅಂತ ಖಾತ್ರಿಯಾಯಿತು. ಅಲ್ಲಿ ಕೆರೆ ಕಟ್ಟಿ, ಮಳೆ ನೀರನ್ನು ಸಣ್ಣ ಕಾಲುವೆಗಳಲ್ಲಿ ಕೂಡಿಸಿ ಕೆಳಗೆ ಬಿಟ್ಟರು. ನಮ್ಮ ಕೆರೆ ಸರಪಣಿ ಇದ್ದ ಹಾಗೇ. ನನ್ನ ಪ್ರಕಾರ ವರ್ಸೇಲ್ಸ್ ನೀರಿನ ಕೆಲಸದಲ್ಲಿ ತುಂಬ ಬುದ್ಧಿವಂತಿಕೆಯದ್ದು ಇದೇ. ಆದರೆ ಹೆಸರು ಬಂದದ್ದು ಸೇನ್ ನದಿಯಿಂದ ನೀರೆತ್ತುತ್ತಿದ್ದ ಮಾರ್ಲಿ ಯಂತ್ರಕ್ಕೆ. ಅದರ ಬಗ್ಗೆ ಗೊತ್ತಿರುವವರು ಬರೆಯಿರಿ.

ನನಗೆ ಈಗ ಅನ್ನಿಸುವುದು ಇಷ್ಟು. ಯುರೋಪಿನ ಯಾವುದೇ ಹಳೇ ತೋಟಕ್ಕೆ ಹೋದರೂ ಮೊದಲು ನೀರು ಎಲ್ಲಿಂದ, ಎಷ್ಟು ಎತ್ತರದಿಂದ ಬರುತ್ತದೆ ಅಂತ ಕೇಳಬೇಕು. ಆಮೇಲೆ ಆ ತೋಟ ಯಾಕೆ ಹಾಗಿದೆ ಅನ್ನೋದು ತಾನಾಗಿ ಅರ್ಥ ಆಗುತ್ತೆ. ನಿಮಗೇನನ್ನಿಸುತ್ತೆ?

ಪಂಪ್‌ಸೆಟ್

ಸರ್, ಒಳ್ಳೆ ವಿಷಯ ತೆಗೆದಿರಿ. ಮಾರ್ಲಿ ಯಂತ್ರ ನನಗೆ ಬಹಳ ಇಷ್ಟ, ಸ್ವಲ್ಪ ಬರೀತೀನಿ.

1681ರಲ್ಲಿ ಶುರು, 1684ರಲ್ಲಿ ಓಡಿತು. ಈಗಿನ ಬೆಲ್ಜಿಯಂನ ಲಿಯೇಜ್ ಕಡೆಯಿಂದ ಬಂದ ಅರ್ನಾಲ್ಡ್ ಡಿ ವಿಲ್ ಮತ್ತು ರೆನ್ನೆಕೆನ್ ಸುಆಲೆಂ ಇಬ್ಬರೂ ಸೇರಿ ಮಾಡಿದ್ದು. ಸುಆಲೆಂ ಬಡಗಿ, ಗಣಿಯಲ್ಲಿ ನೀರೆತ್ತುವ ಕೆಲಸ ಬಲ್ಲವರು. ಸೇನ್ ನದಿಯಲ್ಲಿ 14 ದೊಡ್ಡ ಚಕ್ರ. ಒಂದೊಂದೂ ಮೂರು ಅಂತಸ್ತಿನ ಮನೆಯಷ್ಟು ಎತ್ತರ. ಇನ್ನೂರಕ್ಕೂ ಜಾಸ್ತಿ ಪಂಪ್. ನೀರನ್ನು 150 ಮೀಟರಿಗಿಂತ ಮೇಲಕ್ಕೆ ಎತ್ತಬೇಕಿತ್ತು.

ಈಗ ನಮ್ಮ ಕೆಲಸದ ಮಾತಿಗೆ ಬರ್ತೀನಿ. 10 ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ 1 ಕೇಜಿ ಪ್ರೆಷರ್ ಅಂತ ಲೆಕ್ಕ. 150 ಮೀಟರ್ ಅಂದ್ರೆ 15 ಕೇಜಿ. ಇವತ್ತು ಬೋರ್‌ವೆಲ್‌ಗೆ ಇಳಿಸುವ ಪೈಪು ಅದನ್ನು ಆರಾಮಾಗಿ ತಡೆಯುತ್ತೆ. ಆಗಿನ ಪೈಪು, ಆಗಿನ ಜಾಯಿಂಟು ತಡೆಯುತ್ತಿರಲಿಲ್ಲ. ಪಂಪಿನ ಒಳಗೆ ಇದ್ದದ್ದು ತೊಗಲಿನ ವಾಶರ್. ಅದಕ್ಕೇ ಒಂದೇ ಏಟಿಗೆ ಎತ್ತದೆ ಮೂರು ಹಂತ ಮಾಡಿದರು. ನದಿಯಿಂದ ಮೊದಲ ತೊಟ್ಟಿಗೆ, ಅಲ್ಲಿಂದ ಎರಡನೇ ತೊಟ್ಟಿಗೆ, ಅಲ್ಲಿಂದ ಗುಡ್ಡದ ನೆತ್ತಿಗೆ.

ಗುಡ್ಡದ ಮಧ್ಯೆ ಇರೋ ಪಂಪನ್ನು ಓಡಿಸೋದು ಹೇಗೆ? ಚಕ್ರ ಇರುವುದು ಕೆಳಗೆ ನದಿಯಲ್ಲಿ. ಅದಕ್ಕೆ ಚಕ್ರದಿಂದ ಗುಡ್ಡದ ಮೇಲಿನವರೆಗೂ ಉದ್ದುದ್ದ ಸರಳುಗಳನ್ನು ಒಂದಕ್ಕೊಂದು ಕೀಲು ಹಾಕಿ ಜೋಡಿಸಿದ್ದರು. ಚಕ್ರ ತಿರುಗಿದರೆ ಇಡೀ ಸಾಲು ಹಿಂದಕ್ಕೆ ಮುಂದಕ್ಕೆ ಎಳೆಯುತ್ತಿತ್ತು. ನೂರಾರು ಮೀಟರ್ ಉದ್ದ. ಪ್ರತಿ ಕೀಲೂ ಕಿರುಗುಟ್ಟುತ್ತೆ, ಪ್ರತಿ ಕೀಲಿನಲ್ಲೂ ಶಕ್ತಿ ಸೋರುತ್ತೆ. ಸುತ್ತಲಿನ ಊರಿನವರಿಗೆ ಹಗಲೂ ರಾತ್ರಿ ಅದೇ ಸದ್ದು. ರಿಪೇರಿಗೇ ಸುಮಾರು 60 ಜನ ಇದ್ದರಂತೆ. ಸದಾ ಏನಾದರೊಂದು ಮುರಿಯುತ್ತಿತ್ತು. ಆದರೂ 1817ರವರೆಗೆ ಎಳೆದುಕೊಂಡು ಬಂದರು ಅಂದ್ರೆ ಆ ರಿಪೇರಿ ಜನಕ್ಕೆ ಕೈ ಮುಗಿಯಬೇಕು.

ಮಲೆನಾಡ ತೋಟಿಗ

ಓದ್ತಾ ಓದ್ತಾ ನಮ್ಮ ಮನೆ ನೆನಪಾಯ್ತು. ನಮ್ಮಲ್ಲಿ ಪಂಪೇ ಇಲ್ಲ. ಗುಡ್ಡದ ಮೇಲಿನ ಒರತೆಯಿಂದ ಅಬ್ಬಿ ನೀರು ಮನೆ ಬಾಗಿಲಿಗೆ ಬರುತ್ತೆ. ಅಜ್ಜನ ಕಾಲದಲ್ಲಿ ಅಡಿಕೆ ದಬ್ಬೆ, ಈಗ ಪೈಪು. ತೋಟದ ಸ್ಪ್ರಿಂಕ್ಲರ್ ಕೂಡ ಅದೇ ನೀರಿನ ಬಲದಲ್ಲಿ ತಿರುಗುತ್ತೆ. ಕರೆಂಟ್ ಹೋದರೂ ನಿಲ್ಲಲ್ಲ.

ನನ್ನ ಪ್ರಶ್ನೆ ಇಷ್ಟೇ. ನೀರು ಮೇಲಿಂದ ಬೀಳುವ ಜಾಗ ನೋಡಿ ತೋಟ ಮಾಡಿದವರು ಯುರೋಪಿನಲ್ಲಿ ಯಾರೂ ಇರಲಿಲ್ವಾ?

ಹಳೇ ನಕ್ಷೆ

ಇದ್ದರು, ತೋಟಿಗರೇ. ವರ್ಸೇಲ್ಸಿಗಿಂತ ನೂರು ವರ್ಷ ಮೊದಲೇ, ಇಟಲಿಯಲ್ಲಿ.

ರೋಮಿನ ಹತ್ತಿರ ತಿವೊಲಿ ಅಂತ ಗುಡ್ಡದ ಊರು. ಪಕ್ಕದಲ್ಲೇ ಅನಿಯೇನೆ ನದಿ. 1550ರಲ್ಲಿ ಕಾರ್ಡಿನಲ್ ಇಪ್ಪೊಲಿತೊ ದ'ಎಸ್ತೆ ಅಲ್ಲಿಗೆ ಗವರ್ನರ್ ಆಗಿ ಬಂದರು. ಪಿರ್ರೊ ಲಿಗೊರಿಯೊ ತೋಟದ ವಿನ್ಯಾಸ ಮಾಡಿದರು. ಅವರು ಹಳೇ ರೋಮನ್ ಅವಶೇಷಗಳನ್ನು ಅಗೆದು ಅಳೆದು ನೋಡಿದವರು. ಊರಿನ ಕೆಳಗೇ ಸುಮಾರು 600 ಮೀಟರ್ ಸುರಂಗ ಕೊರೆದು ನದಿ ನೀರನ್ನು ತೋಟದ ತಲೆಗೆ ತಂದರು. ಅಲ್ಲಿಂದ ಕೆಳಗೆ ಎಲ್ಲವೂ ಇಳಿಜಾರಿನ ಕೆಲಸ. ಪಂಪ್ ಇಲ್ಲ, ಚಕ್ರದಿಂದ ನೀರೆತ್ತುವುದಿಲ್ಲ. ಮೇಲಿನ ಕಾರಂಜಿಯ ನೀರು ಕೆಳಗಿನ ಕಾರಂಜಿಗೆ ಹೋಗುತ್ತೆ.

ಅಲ್ಲಿ ನೀರಿನಿಂದ ನುಡಿಯುವ ಆರ್ಗನ್ ಇದೆ. ಅದು ಕೆಲಸ ಮಾಡುವ ರೀತಿ ಕೇಳಿ. ನೀರು ಕೊಳವೆಯಲ್ಲಿ ರಭಸವಾಗಿ ಕೆಳಗೆ ಬೀಳುವಾಗ ಗಾಳಿಯನ್ನೂ ಜೊತೆಗೆ ಎಳೆದುಕೊಂಡು ಬರುತ್ತೆ. ಕೆಳಗೆ ಮುಚ್ಚಿದ ಕೋಣೆ ಇದೆ. ನೀರು ತಳದಿಂದ ಹೊರಗೆ ಹೋಗುತ್ತೆ, ಗಾಳಿ ಮೇಲೆ ಸಿಕ್ಕಿಹಾಕಿಕೊಂಡು ಒತ್ತುತ್ತೆ. ಆ ಗಾಳಿ ಆರ್ಗನ್ ಕೊಳವೆಗಳಿಗೆ. ಅದೇ ನೀರು ಇನ್ನೊಂದು ಕಡೆ ಮೊಳೆ ಹೊಡೆದ ಉರುಳೆಯನ್ನು ತಿರುಗಿಸುತ್ತೆ. ಮೊಳೆಗಳು ಒಂದೊಂದೇ ಸ್ವರವನ್ನು ತೆರೆಯುತ್ತವೆ. ಎಷ್ಟೋ ಕಾಲ ಕೆಟ್ಟು ನಿಂತಿತ್ತು, 2003ರಲ್ಲಿ ರಿಪೇರಿ ಆಗಿ ಮತ್ತೆ ನುಡಿಯಿತು.

ಬನ್ಯಾಯಾ ಊರಿನ ವಿಲ್ಲಾ ಲಾಂತೆಯನ್ನೂ ಹೇಳಲೇಬೇಕು. ಅಲ್ಲಿ ಊಟಕ್ಕೆ ಕೂರುವ ಉದ್ದನೆ ಕಲ್ಲಿನ ಮೇಜು. ಮೇಜಿನ ನಡುವೆಯೇ ನೀರು ಹರಿಯುವ ಸಣ್ಣ ಕಾಲುವೆ. ಅದರಲ್ಲಿ ವೈನ್ ತಣ್ಣಗೆ ಇಡುತ್ತಿದ್ದರು. ಗುಡ್ಡದ ಒರತೆ ನೀರು ಕಾಡಿನಿಂದ ಇಳಿದು, ಮೇಜಿನ ಮೇಲೆ ಹಾದು, ಕೆಳಗಿನ ಚೌಕ ಕೊಳಕ್ಕೆ ಸೇರುತ್ತೆ. ಇಡೀ ತೋಟ ಒಂದೇ ಹರಿವಿನ ಉದ್ದಕ್ಕೆ ಹಬ್ಬಿದೆ.

ಪಂಪ್‌ಸೆಟ್

ಆ ಗಾಳಿ ಕೋಣೆ ವಿಷಯ ಕೇಳಿ ಖುಷಿ ಆಯ್ತು. ಲೈನಲ್ಲಿ ಏರ್ ಹಿಡೀತು ಅಂತ ನಾವು ದಿನಾ ಒದ್ದಾಡ್ತೀವಿ. ಅದೇ ಗಾಳಿಯನ್ನು ಅವರು ಸಂಗೀತಕ್ಕೆ ಬಳಸಿದ್ದಾರೆ!

ನೇರಳೆ

ನಾನು ರೋಮ್ ನೋಡಿದ್ದೇನೆ. ಸ್ಪ್ಯಾನಿಷ್ ಮೆಟ್ಟಿಲುಗಳ ಕೆಳಗೆ ಅರ್ಧ ಮುಳುಗಿದ ದೋಣಿಯ ಆಕಾರದ ಕಾರಂಜಿ ಇದೆ. ನೀರು ಮೇಲಕ್ಕೆ ಚಿಮ್ಮುವುದೇ ಇಲ್ಲ, ಸುಮ್ನೆ ಸೋರುತ್ತಾ ಇರುತ್ತೆ. ನದಿ ಪ್ರವಾಹದಲ್ಲಿ ಅಲ್ಲಿಗೆ ಒಂದು ದೋಣಿ ತೇಲಿ ಬಂದಿತ್ತು, ಅದರ ನೆನಪಿಗೆ ಮಾಡಿದ್ದು ಅಂತ ಗೈಡ್ ಹೇಳಿದರು. ನಿಜವಾ?

ಹಳೇ ನಕ್ಷೆ

ನೇರಳೆ ಅವರೇ, ದೋಣಿ ಕಥೆ ಅಲ್ಲಿನವರು ಹೇಳಿಕೊಂಡು ಬಂದದ್ದು. ಆದರೆ ನೀರಿಗೆ ಪ್ರೆಷರ್ ಇಲ್ಲದ್ದು ಅನ್ನೋ ಕಾರಣ ಗಟ್ಟಿಯಾದದ್ದು. ಆ ಕಾರಂಜಿಗೆ ನೀರು ಬರುವುದು ಆಕ್ವಾ ವೆರ್ಜಿನೆ ಕಾಲುವೆಯಿಂದ. ಕ್ರಿಸ್ತಪೂರ್ವ 19ರಲ್ಲಿ ರೋಮನ್ ಸೇನಾನಿ ಅಗ್ರಿಪ್ಪ ಕಟ್ಟಿಸಿದ್ದು, ಬಹುಪಾಲು ನೆಲದ ಕೆಳಗೇ ಹರಿಯುತ್ತೆ, ರೋಮನ್ನು ಮುಟ್ಟುವ ಹೊತ್ತಿಗೆ ಮಟ್ಟ ತೀರಾ ತಗ್ಗು. ಹಾಗಾಗಿ 1620ರ ದಶಕದ ಕೊನೆಯಲ್ಲಿ ಪಿಯೆತ್ರೊ ಬರ್ನಿನಿಗೆ ಈ ಕೆಲಸ ಬಂದಾಗ ಎತ್ತರಕ್ಕೆ ಚಿಮ್ಮಿಸುವ ದಾರಿಯೇ ಇರಲಿಲ್ಲ. ತೊಟ್ಟಿಯನ್ನು ರಸ್ತೆ ಮಟ್ಟಕ್ಕಿಂತ ಕೆಳಗೆ ಕೂರಿಸಿ, ಸೋರುವ ದೋಣಿಯ ಆಕಾರ ಕೊಟ್ಟರು. ಕಡಿಮೆ ಪ್ರೆಷರ್ ಅನ್ನೋದು ದೋಷ ಅಂತ ಕಾಣುವುದೇ ಇಲ್ಲ, ದೋಣಿ ಇರುವುದೇ ಹಾಗೆ ಅನ್ನಿಸುತ್ತೆ. ಎಷ್ಟು ಚೆನ್ನಾದ ಉತ್ತರ ನೋಡಿ! ಟ್ರೆವಿ ಕಾರಂಜಿಗೂ ಇದೇ ನೀರು. ಅದನ್ನೂ ಚೌಕದ ಮಟ್ಟಕ್ಕಿಂತ ಕೆಳಗೇ ಇಳಿಸಿದ್ದಾರೆ, ಮೆಟ್ಟಿಲು ಇಳಿದು ಹೋಗಬೇಕು ಅಲ್ವಾ?

ರೋಮಿನ ಗುಡ್ಡಗಳ ಮೇಲಿನ ತೋಟಗಳಿಗೆ ಈ ನೀರು ಹತ್ತುತ್ತಿರಲಿಲ್ಲ. ಅದಕ್ಕೆ ಐದನೇ ಸಿಕ್ಸ್ಟಸ್ ಪೋಪ್ ಎತ್ತರದಲ್ಲಿ ಇನ್ನೊಂದು ಕಾಲುವೆ ತರಿಸಿದರು, ಆಕ್ವಾ ಫೆಲಿಚೆ, 1587ರ ಹೊತ್ತಿಗೆ ಮುಗಿಯಿತು. 1612ರಲ್ಲಿ ಆಕ್ವಾ ಪಾವೊಲಾ ಬಂತು. ನೀರು ಹತ್ತಿದ ಮೇಲೆ ಅಲ್ಲಿ ಮನೆ, ತೋಟ ಹೆಚ್ಚಾದವು.

ಬಿಳಿ ಹೂಜಿ

ಇಟಲಿಗಿಂತ ಮೊದಲಿನದ್ದನ್ನು ಮರೀಬೇಡಿ. ಸ್ಪೇನಿನ ಗ್ರನಾಡಾ. ಅಲ್ಲಿ ಅಲ್‌ಹಂಬ್ರಾ ಕೋಟೆ ಗುಡ್ಡದ ಮೇಲಿದೆ, ದಾರ್ರೊ ಹೊಳೆ ಕೆಳಗೆ ಕಣಿವೆಯಲ್ಲಿದೆ. 13ನೇ ಶತಮಾನದಲ್ಲಿ ಸುಲ್ತಾನ ಒಂದನೇ ಮುಹಮ್ಮದ್ ಹೊಳೆಯ ಮೇಲ್ಭಾಗಕ್ಕೆ ಸುಮಾರು 6 ಕಿಲೋಮೀಟರ್ ಹೋಗಿ, ಅಲ್ಲಿ ಒಡ್ಡು ಹಾಕಿಸಿ, ಗುಡ್ಡದ ಮಗ್ಗುಲಲ್ಲೇ ನಿಧಾನ ಇಳಿಜಾರಿನ ಕಾಲುವೆ ತರಿಸಿದ. ಅಸೆಕಿಯಾ ಅಂತಾರೆ, ಅರಬ್ಬೀ ಮೂಲದ ಮಾತು. ಇವತ್ತಿಗೂ ಸ್ಪೇನಿನ ರೈತರು ಗದ್ದೆ ಕಾಲುವೆಗೆ ಅದೇ ಮಾತು ಹೇಳೋದು.

ಅಲ್ಲಿ ನೀರಿಗೆ ಬಹಳ ಮರ್ಯಾದೆ. ವರ್ಸೇಲ್ಸಿನ ಹಾಗೆ ಆಕಾಶಕ್ಕೆ ಎರಚುವುದಿಲ್ಲ. ಹೆನೆರಾಲಿಫೆ ತೋಟದಲ್ಲಿ ಒಂದು ಮೆಟ್ಟಿಲಿದೆ. ಮೆಟ್ಟಿಲಿನ ಎರಡೂ ಪಕ್ಕದ ಕೈಪಿಡಿ ಗೋಡೆಯ ಮೇಲೆ ಸಣ್ಣ ಕಾಲುವೆ, ಅದರಲ್ಲಿ ನೀರು ಇಳಿಯುತ್ತಾ ಇರುತ್ತೆ. ನೀವು ಹತ್ತುವಾಗ ಬೆರಳು ಅದ್ದಿಕೊಂಡೇ ಹತ್ತಬಹುದು. ಜುಲೈ ಬಿಸಿಲಲ್ಲಿ ನಾನು ಅಲ್ಲಿ ಹತ್ತಿದ್ದೇನೆ. ಬೆರಳ ತುದಿಯ ತಂಪು ಮೊಣಕೈವರೆಗೆ ಬಂತು.

ತೋಟಗಾರಿಕೆ ವಿದ್ಯಾರ್ಥಿ

ಎಲ್ಲ ಸರಿ, ಆದರೆ ಒಂದು ವಿಷಯಕ್ಕೆ ನನ್ನ ತಕರಾರಿದೆ. ಕೆರೆ ಏರಿ ಸರ್ ಹೇಳಿದ ಹಾಗೆ ನೀರೇ ತೋಟದ ರೂಪ ತೀರ್ಮಾನಿಸುತ್ತೆ ಅಂದರೆ, ವಿನ್ಯಾಸ ಮಾಡಿದವರ ಕೆಲಸ ಏನೂ ಇಲ್ವಾ? ವರ್ಸೇಲ್ಸ್ ತೋಟ ರೂಪಿಸಿದ ಲೆ ನೋಟ್ರ್ ಅವರು ನಿಜವಾದ ಕಲಾವಿದ. ವರ್ಸೇಲ್ಸಿನ ಆ ಉದ್ದ ನೋಟ, ಆ ಸಾಲು ಮರ, ಅವೆಲ್ಲ ನೀರಿನ ಲೆಕ್ಕದಿಂದ ಬಂದದ್ದಲ್ಲ.

ಕೆರೆ ಏರಿ

ನಿಮ್ಮ ತಕರಾರು ಸರಿಯಾಗೇ ಇದೆ. ನಾನು ಸ್ವಲ್ಪ ಜಾಸ್ತಿ ಹೇಳಿದೆ ಅನ್ನಿಸುತ್ತೆ. ಆದರೆ ಲೆ ನೋಟ್ರ್ ಅವರನ್ನೇ ತೆಗೆದುಕೊಳ್ಳಿ. ಅರಮನೆ ಇರುವ ದಿಬ್ಬಕ್ಕೆ ನೀರಿಲ್ಲ, ದಿಬ್ಬದ ಕೆಳಗೆ ಮಾತ್ರ ಜೌಗು. ಮೇಲೆ ಬರ, ಕೆಳಗೆ ಕೆಸರು. ಆ ಜೌಗಿನ ನೀರನ್ನು ಬಸಿದು ಒಂದು ಕಡೆ ಸೇರಿಸಲೇಬೇಕಿತ್ತು. ಅವರು ಅದನ್ನೇ 1,600 ಮೀಟರಿಗೂ ಉದ್ದದ ದೊಡ್ಡ ಕಾಲುವೆ ಮಾಡಿದರು. ನಿಂತ ನೀರು, ಪ್ರೆಷರ್ ಬೇಡ. ಸಂಜೆ ಸೂರ್ಯ ಮುಳುಗುವ ದಿಕ್ಕಿಗೇ ಅದರ ಉದ್ದ ಇದೆ. ಅರಮನೆ ಕಡೆಯಿಂದ ನೋಡಿದರೆ ಬೆಳಕಿನ ಪಟ್ಟಿ ಹಾಸಿದ ಹಾಗೆ. ಬಸಿಗಾಲುವೆಯನ್ನು ಹಾಗೆ ಕಾಣಿಸಿದ್ದು ಕಲಾವಿದನೇ, ಒಪ್ಪಿದೆ.

ತೋಟಗಾರಿಕೆ ವಿದ್ಯಾರ್ಥಿ

ಇದು ನನಗೆ ಹೊಳೆದಿರಲಿಲ್ಲ ಸರ್. ಹಾಗೆ ನೋಡಿದರೆ ಇಂಗ್ಲೆಂಡಿನವರು ಮಾಡಿದ್ದೂ ಅದೇ. 18ನೇ ಶತಮಾನದಲ್ಲಿ ತೋಟ ವಿನ್ಯಾಸಗಾರ ಲ್ಯಾನ್ಸೆಲಾಟ್ ಬ್ರೌನ್ ಕಾರಂಜಿಯನ್ನೇ ಕೈಬಿಟ್ಟರು. ಬ್ಲೆನಿಮ್ ಅರಮನೆಯ ಹತ್ತಿರ ಗ್ಲೈಮ್ ಅನ್ನೋ ಸಣ್ಣ ಹೊಳೆಗೆ 1760ರ ದಶಕದಲ್ಲಿ ಒಡ್ಡು ಹಾಕಿ ಕೆರೆ ನಿಲ್ಲಿಸಿದರು. ಅಲ್ಲಿ ಮೊದಲೇ ಒಂದು ಭಾರೀ ಸೇತುವೆ ಇತ್ತು, ಕೆಳಗೆ ಹರಿಯುತ್ತಿದ್ದದ್ದು ಮಾತ್ರ ಸಣ್ಣ ಕಾಲುವೆಯಷ್ಟು ನೀರು. ಕೆರೆ ತುಂಬಿದಾಗ ಸೇತುವೆಯ ಒಳಗೇ ಕಟ್ಟಿದ್ದ ಕೆಳಗಿನ ಕೋಣೆಗಳು ಮುಳುಗಿದವು. ಆಗ ಸೇತುವೆಗೂ ನೀರಿಗೂ ಅಳತೆ ಸರಿಹೊಂದಿತು. ಕೆರೆ ತಳಕ್ಕೆ ಜೇಡಿಮಣ್ಣು ನೀರು ಹಾಕಿ ತುಳಿದು ಗಟ್ಟಿ ಮಾಡುತ್ತಿದ್ದರು.

ಕಾಸೆಲ್‌ವಾಸಿ

ಜರ್ಮನಿಯಿಂದ ಬರೀತಿದ್ದೀನಿ. ನಮ್ಮೂರ ವಿಲ್ಹೆಲ್ಮ್ಸ್‌ಹೋಹೆ ಗುಡ್ಡದ ತೋಟವನ್ನು ಯಾರೂ ಹೇಳಲಿಲ್ಲ ಅಂತ ಬೇಜಾರಾಯ್ತು!

ಸುಮಾರು 1700ರಲ್ಲಿ ಇಲ್ಲಿನ ದೊರೆ ಕಾರ್ಲ್ ಇಟಲಿಗೆ ಹೋಗಿ ಅಲ್ಲಿನ ತೋಟ ನೋಡಿ ಬಂದ. ಗುವೆರ್ನಿಯೆರೊ ಅನ್ನೋ ಇಟಲಿಯವರನ್ನು ಕರೆಸಿ ಗುಡ್ಡದ ತುದಿಯಲ್ಲಿ ಹರ್ಕ್ಯುಲಿಸ್ ಪ್ರತಿಮೆ, ಅದರ ಕೆಳಗೆ ಕಲ್ಲಿನ ಜಲಪಾತ ಕಟ್ಟಿಸಿದ. ಮೇಲಿನ ಕೆರೆಗಳಲ್ಲಿ ಮಳೆ ನೀರು ಕೂಡಿಡುತ್ತಾರೆ. ಇವತ್ತಿಗೂ ಪಂಪ್ ಇಲ್ಲ. ವಾಲ್ವ್ ಕೂಡ ಕೈಯಲ್ಲೇ ತಿರುಗಿಸುತ್ತಾರೆ. 2013ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು.

ಅದನ್ನು ನೋಡುವ ರೀತಿಯೇ ಬೇರೆ. ಮೊದಲು ಎಲ್ಲರೂ ಒಣ ಕಲ್ಲಿನ ಮುಂದೆ ಕಾಯುತ್ತಾ ನಿಲ್ಲುತ್ತಾರೆ. ನೀರು ಕಾಣುವ ಮುಂಚೆ ಸದ್ದು ಬರುತ್ತೆ. ಆಮೇಲೆ ಮೇಲಿನ ಕಲ್ಲು ಕಪ್ಪಾಗುತ್ತೆ, ಅದರ ಕೆಳಗಿನದ್ದು, ಅದರ ಕೆಳಗಿನದ್ದು. ನೀರು ಮುಂದೆ ಹೋದ ಹಾಗೆ ಜನವೂ ಜೊತೆಗೆ ಇಳಿಯುತ್ತಾರೆ. ಮುಂದಿನ ಜಲಪಾತ, ಸೇತುವೆ, ಪಾಳುಬಿದ್ದ ಹಾಗೆ ಕಟ್ಟಿದ ಮೇಲ್ಗಾಲುವೆ. ಕೊನೆಗೆ ಅರಮನೆ ಹತ್ತಿರದ ಕೊಳದಲ್ಲಿ 50 ಮೀಟರ್ ಎತ್ತರದ ಕಾರಂಜಿ. ನನ್ನ ಮಕ್ಕಳು ನೀರಿನ ಜೊತೆ ಓಟಕ್ಕೆ ನಿಲ್ಲುತ್ತಾರೆ.

ಇದಕ್ಕೆ ಪೂರಾ ಉಲ್ಟಾ ಕಥೆ ಬರ್ಲಿನ್ ಪಕ್ಕದ ಪಾಟ್ಸ್‌ಡಾಮ್‌ನದ್ದು. ಪ್ರಷ್ಯಾದ ಎರಡನೇ ಫ್ರೆಡರಿಕ್ ದೊರೆಗೆ ತನ್ನ ಸಾನ್ಸೂಸಿ ತೋಟದಲ್ಲಿ ಎತ್ತರದ ಕಾರಂಜಿ ಬೇಕಿತ್ತು. 1748ರಿಂದ ಕೆಲಸ ಶುರುವಾಯಿತು. ಗುಡ್ಡದ ಮೇಲೆ ತೊಟ್ಟಿ ಕಟ್ಟಿದರು. ಗಾಳಿಯಂತ್ರದಿಂದ ನೀರು ಎತ್ತಲು ನೋಡಿದರು. ಮರದ ಪೈಪುಗಳು ಒಡೆದು ಹೋದವು. ಗಣಿತಜ್ಞ ಆಯ್ಲರ್ ಪೈಪಿನೊಳಗಿನ ಒತ್ತಡ ಎಷ್ಟಿರುತ್ತೆ, ಪೈಪು ಎಷ್ಟು ಗಟ್ಟಿ ಇರಬೇಕು ಅಂತ ಲೆಕ್ಕ ಹಾಕಿ ಕೊಟ್ಟಿದ್ದರು. ಕೆಲಸ ಮಾಡಿಸಿದವರು ಅದನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ. 1754ರಲ್ಲಿ ಒಂದು ಸಲ ಹಿಮ ಕರಗಿದ ನೀರು ತೊಟ್ಟಿಯಲ್ಲಿ ಸೇರಿ ಕಾರಂಜಿ ಸ್ವಲ್ಪ ಹೊತ್ತು ಚಿಮ್ಮಿತು. ಅಷ್ಟೇ. ದೊರೆ 1786ರಲ್ಲಿ ತೀರಿಕೊಂಡ. ಕೊನೆಗೆ 1842ರಲ್ಲಿ ಬೋರ್ಸಿಗ್ ಕಾರ್ಖಾನೆಯ 80 ಕುದುರೆಬಲದ ಉಗಿಯಂತ್ರ ಬಂದ ಮೇಲೆ 38 ಮೀಟರ್ ಚಿಮ್ಮಿತು. ಆ ಪಂಪ್ ಮನೆಯನ್ನು ಮಸೀದಿಯ ಆಕಾರದಲ್ಲಿ ಕಟ್ಟಿದ್ದಾರೆ, ಹೊಗೆ ಕೊಳವೆಯೇ ಮಿನಾರು.

ಪಂಪ್‌ಸೆಟ್

ಪಾಪ ಆಯ್ಲರ್. ಲೆಕ್ಕ ಕೇಳಿ, ಆಮೇಲೆ ಕಡಿಮೆ ಗೇಜಿನ ಪೈಪು ಹಾಕಿಸುವವರನ್ನು ನಾನೂ ನೋಡಿದ್ದೇನೆ. ಬೇಸಿಗೆಯಲ್ಲಿ ಒಂದು ಅಪಾರ್ಟ್‌ಮೆಂಟ್‌ನಲ್ಲಿ ಹಾಗೇ ಆಗಿ, ಮೂರು ದಿನ 40 ಮನೆಗೆ ನೀರಿರಲಿಲ್ಲ. ವಯಸ್ಸಾದವರು ಬಕೆಟ್ ಹಿಡಿದು ಮೆಟ್ಟಿಲು ಹತ್ತಿದ್ದು ಇನ್ನೂ ಕಣ್ಣ ಮುಂದಿದೆ.

ಹಳೇ ನಕ್ಷೆ

ರಷ್ಯಾದ ಪೀಟರ್ ದೊರೆ ಹಾಗಲ್ಲ, ನೋಡಿ ಕಲಿತವನು. 1717ರಲ್ಲಿ ಫ್ರಾನ್ಸಿಗೆ ಹೋಗಿ ವರ್ಸೇಲ್ಸ್, ಮಾರ್ಲಿ ಎರಡನ್ನೂ ಕಣ್ಣಾರೆ ನೋಡಿದ. ಸೇಂಟ್ ಪೀಟರ್ಸ್‌ಬರ್ಗ್ ಹತ್ತಿರ ಸ್ಟ್ರೆಲ್ನಾ ಅನ್ನೋ ಕಡೆ ಕಾರಂಜಿ ತೋಟ ಶುರು ಮಾಡಿದ್ದ. ಅಲ್ಲಿ ನೀರಿನ ಮಟ್ಟ ಸರಿಬರಲ್ಲ ಅಂತ ಗೊತ್ತಾದಾಗ ದೊಡ್ಡ ತೋಟವನ್ನು ಪೀಟರ್‌ಹೋಫ್‌ಗೆ ಬದಲಾಯಿಸಿದ. 1721ರಲ್ಲಿ ರೋಪ್ಶಾ ಎತ್ತರದಿಂದ ಸುಮಾರು 22 ಕಿಲೋಮೀಟರ್ ಕಾಲುವೆ ಬಂತು. ಪಂಪೇ ಇಲ್ಲ. ಅಲ್ಲಿನ ಸ್ಯಾಮ್ಸನ್ ಕಾರಂಜಿ 20 ಮೀಟರ್ ಎತ್ತರಕ್ಕೆ ಚಿಮ್ಮುತ್ತೆ. ವರ್ಸೇಲ್ಸಿನಲ್ಲಿ ಕಾರಂಜಿಗಳನ್ನು ಸ್ವಲ್ಪ ಹೊತ್ತು ಮಾತ್ರ ಬಿಡುತ್ತಿದ್ದರು, ಪೀಟರ್‌ಹೋಫಿನಲ್ಲಿ ಇಡೀ ದಿನ ಚಿಮ್ಮುತ್ತಿದ್ದವು.

ನೇರಳೆ

ಸ್ವಲ್ಪ ಹೊತ್ತು ಮಾತ್ರ ಅಂದ್ರೆ? ದೊರೆ ನೋಡುವಾಗ ಮಾತ್ರವಾ?

ಕೆರೆ ಏರಿ

ಹೌದು ಮೇಡಂ, ಅಕ್ಷರಶಃ ಹಾಗೇ. ಎಲ್ಲ ಕಾರಂಜಿ ಒಟ್ಟಿಗೆ ಬಿಟ್ಟರೆ ತೊಟ್ಟಿ ಖಾಲಿ. ಅದಕ್ಕೆ ವಾಲ್ವ್ ನೋಡಿಕೊಳ್ಳುವ ಆಳುಗಳು ಪೊದೆ ಹಿಂದೆ ನಿಂತಿರುತ್ತಿದ್ದರು. ದೊರೆ ಈ ಕಡೆ ಬರುತ್ತಿದ್ದಾನೆ ಅಂದರೆ ಒಬ್ಬ ಶಿಳ್ಳೆ ಹಾಕುತ್ತಿದ್ದ, ಮುಂದಿನವನು ವಾಲ್ವ್ ತೆರೆಯುತ್ತಿದ್ದ. ದೊರೆ ದಾಟಿದ ಮೇಲೆ ಮುಚ್ಚುತ್ತಿದ್ದರು. ಫ್ರಾನ್ಸಿನಲ್ಲಿ ಅವರಿಗೆ ಫಾಂತೆನಿಯೆ ಅಂತ ಹೆಸರು. ನಮ್ಮ ಕೆರೆ ನೀರುಗಂಟಿಗಳ ಥರ, ಯಾವ ತೂಬು ಯಾವಾಗ ಎಷ್ಟು ಅಂತ ಅವರಿಗೆ ಮಾತ್ರ ಗೊತ್ತು. ಅವರು ಈಗಲೂ ಇದ್ದಾರೆ. ನಾನು ನೋಡಿದ ದಿನ ಒಬ್ಬರು ಸೊಂಟದೆತ್ತರದ ಕಬ್ಬಿಣದ ಕೀಲಿಯನ್ನು ನೆಲದ ಗುಂಡಿಗೆ ಇಳಿಸಿ ಎರಡೂ ಕೈಯಲ್ಲಿ ತಿರುಗಿಸುತ್ತಿದ್ದರು. ಒಂದೊಂದು ಸುತ್ತಿಗೂ ತಲೆ ಎತ್ತಿ ನೀರಿನ ಎತ್ತರ ನೋಡುತ್ತಿದ್ದರು. ಆ ನೋಟ ನನಗೆ ಚೆನ್ನಾಗಿ ಗೊತ್ತು. ನಮ್ಮ ಗೇಟ್ ಆಪರೇಟರ್‌ಗಳೂ ಹಾಗೇ ನೋಡುತ್ತಿದ್ದರು.

ಇನ್ನೊಂದು ನೋವಿನ ಮಾತು ಬರೆಯಲೇಬೇಕು. ಮಾರ್ಲಿ ಯಂತ್ರವೂ ಸಾಕಾಗದೆ 1685ರಲ್ಲಿ ಯೂರ್ ನದಿಯನ್ನು ತಿರುಗಿಸಲು ಹೊರಟರು. ಯೋಜನೆ ಸೇನೆಯ ಇಂಜಿನಿಯರ್ ವೋಬಾನ್ ಅವರದ್ದು. ಸುಮಾರು 30,000 ಸೈನಿಕರನ್ನು ಮಣ್ಣು ಕೆಲಸಕ್ಕೆ ಹಚ್ಚಿದರು. ಜೌಗಿನ ಜ್ವರಕ್ಕೆ ಸಾವಿರಾರು ಜನ ಹೋದರು. 1688ರಲ್ಲಿ ಯುದ್ಧ ಬಂದು ಕೆಲಸ ನಿಂತಿತು, ಮತ್ತೆ ಶುರುವಾಗಲೇ ಇಲ್ಲ. ಒಂದು ಹನಿಯೂ ವರ್ಸೇಲ್ಸ್ ಮುಟ್ಟಲಿಲ್ಲ. ಮಾಂತೆನೊ ಊರಲ್ಲಿ ಆ ಮೇಲ್ಗಾಲುವೆಗೆ 47 ಕಮಾನು ಕಟ್ಟಿದ್ದರು, ಅವುಗಳ ಅವಶೇಷ ಇನ್ನೂ ನಿಂತಿದೆ. ಮೂರು ಅಂತಸ್ತು ಆಗಬೇಕಿತ್ತು, ಒಂದೇ ಆಯಿತು. ನಾನು ಅಲ್ಲಿಗೂ ಹೋಗಿದ್ದೆ. ಕಮಾನಿನ ಮೇಲೆ ಗಿಡ ಬೆಳೆದಿದೆ.

ಮಲೆನಾಡ ತೋಟಿಗ

ಓದಿ ಮನಸ್ಸು ಭಾರ ಆಯ್ತು ಸರ್. ಒಂದು ಕಾರಂಜಿಗೆ ಇಷ್ಟು ಜನ.

ಕಾಸೆಲ್ ಅಕ್ಕ, ಮುಂದಿನ ವರ್ಷ ತಮ್ಮನ ಮಗ ಅಲ್ಲಿಗೆ ಓದಲು ಬರ್ತಿದ್ದಾನೆ, ನಾನೂ ಜೊತೆಗೆ ಬರ್ತೀನಿ. ನೀರು ಯಾವ ದಿನ ಬಿಡ್ತಾರೆ?

ಕಾಸೆಲ್‌ವಾಸಿ

ಬನ್ನಿ ಬನ್ನಿ. ಮೇ ಒಂದರಿಂದ ಅಕ್ಟೋಬರ್ ಮೂರರವರೆಗೆ, ಬುಧವಾರ ಮತ್ತು ಭಾನುವಾರ. ಮಧ್ಯಾಹ್ನ ಎರಡೂವರೆಗೆ ಹರ್ಕ್ಯುಲಿಸ್ ಕೆಳಗೆ ಶುರುವಾಗುತ್ತೆ, ಮೂರೂಮುಕ್ಕಾಲಿಗೆ ದೊಡ್ಡ ಕಾರಂಜಿ. ಹೊರಡುವ ಮುಂಚೆ ಒಂದು ಸಲ ಕೇಳಿ, ಮಳೆ ಕಡಿಮೆ ಆದ ವರ್ಷ ಬದಲಾಗಬಹುದು. ಬಸ್ಸಲ್ಲಿ ಗುಡ್ಡದ ತುದಿಗೇ ಹೋಗಿ, ಅಲ್ಲಿಂದ ನೀರಿನ ಜೊತೆ ಇಳಿಯಿರಿ. ಕೆಳಗಿಂದ ಹತ್ತಿಕೊಂಡು ಬಂದರೆ ನೀರು ನಿಮ್ಮನ್ನು ದಾಟಿ ಹೋಗಿಬಿಡುತ್ತೆ. ಕಲ್ಲು ಜಾರುತ್ತೆ, ಒಳ್ಳೆ ಶೂ ಹಾಕಿಕೊಂಡು ಬನ್ನಿ.